ಕರ್ಮ ಯಾರು, ಕರ್ತೃ ಯಾರು?

ಇಂಗ್ಲಿಷ್ ವಾಕ್ಯದಲ್ಲಿ ಡೈರೆಕ್ಟ್ ಆಬ್ಜೆಕ್ಟ್ ಹುಡುಕೋದು ಕಷ್ಟದ ಕೆಲಸವಲ್ಲ. ಮೊದಲು ಕ್ರಿಯಾಪದ ಹಿಡಿಯಬೇಕು. ಅದಕ್ಕೆ 'ಯಾರನ್ನು? ಏನನ್ನು?' ಅಂತ ಕೇಳಬೇಕು. ಸಿಕ್ಕ ಉತ್ತರವೇ ಡೈರೆಕ್ಟ್ ಆಬ್ಜೆಕ್ಟ್. 'ದಿ ಮಾಸ್ಟರ್ ಬೀಟ್ಸ್ ದಿ ಬಾಯ್.' ಹೊಡೆಯುತ್ತಾನೆ. ಯಾರನ್ನು? ಹುಡುಗನನ್ನು. ಮುಗೀತು, ಮಾರ್ಕು ಬಂತು.

ಕನ್ನಡದಲ್ಲಿ ಪಂಡಿತರು ಇದಕ್ಕೆ ಇಟ್ಟ ಹೆಸರು ಕರ್ಮ. ನಮ್ಮ ಮನೆಗಳಲ್ಲಿ ಮೊಟ್ಟಮೊದಲು ಡಿಗ್ರಿ ಓದಿದ ನಾವು ಇಲ್ಲೇ ನಿಂತುಬಿಡುತ್ತೇವೆ. ಈ ಪದ ನಮಗೆ ವ್ಯಾಕರಣಕ್ಕಿಂತ ಮುಂಚೆಯೇ ಗೊತ್ತು. ನಮ್ಮ ಅಪ್ಪ ಅವ್ವಂದಿರು ಏಟು ತಿಂದಾಗ 'ಎಲ್ಲಾ ನಿಮ್ಮ ಕರ್ಮ ಕಣ್ರೋ' ಅಂದವರಿದ್ದಾರೆ. ಎರಡು ಕರ್ಮಗಳ ವ್ಯತ್ಯಾಸ ನೋಡಿ. ಪುರಾಣದ ಕರ್ಮ ಹೇಳುತ್ತೆ: ಹಿಂದಿನ ಜನ್ಮದಲ್ಲಿ ನೀನೇ ಮಾಡಿದ್ದೆ, ಈಗ ನೀನೇ ಉಣ್ಣು. ಹೊಡೆದವನು ಅಲ್ಲಿ ಇಲ್ಲವೇ ಇಲ್ಲ. ವ್ಯಾಕರಣದ ಕರ್ಮ ಹಾಗಲ್ಲ. ಮತ್ತೊಬ್ಬ ಮಾಡಿದ ಕೆಲಸ ಯಾರ ಮೇಲೆ ಬಿತ್ತೋ ಅವನು ಕರ್ಮ. ಅದೇ ವಾಕ್ಯದಲ್ಲಿ ಕೋಲು ಹಿಡಿದು ಕರ್ತೃ ನಿಂತಿರ್ತಾನೆ. ಪುರಾಣಕ್ಕಿಂತ ವ್ಯಾಕರಣವೇ ಪ್ರಾಮಾಣಿಕ.

ಇಂಗ್ಲಿಷಿನಲ್ಲಿ ಮಾಸ್ಟರ್, ಬಾಯ್ ಎಂಬ ನಾಮಪದಗಳಿಗೆ ಹೊಡೆದರೂ ಹೊಡೆಸಿಕೊಂಡರೂ ರೂಪ ಒಂದೇ. ಕ್ರಿಯಾಪದಕ್ಕಿಂತ ಮೊದಲು ಬಂದವನು ಹೊಡೆಯುವವ, ಆಮೇಲೆ ಬಂದವನು ತಿನ್ನುವವ. ಹುಟ್ಟಿನಲ್ಲಿ ಏನೂ ಇಲ್ಲ. ನಿಲ್ಲಿಸಿದ ಜಾಗದಲ್ಲಿದೆ ಎಲ್ಲ. ಊರು ಮತ್ತು ಕೇರಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸರ್ವನಾಮಕ್ಕೆ ಬಂದರೆ ರೂಪವೂ ಹೋಗುತ್ತೆ. 'ವಿ' ಆಗಿದ್ದವರು ಆ ಜಾಗಕ್ಕೆ ಹೋದ ಕೂಡಲೇ 'ಅಸ್' ಆಗಬೇಕು.

ಕನ್ನಡಕ್ಕೆ ಜಾಗಕ್ಕಿಂತ 'ಅನ್ನು' ಎಂಬ ಪ್ರತ್ಯಯ ಮುಖ್ಯ. ವಸ್ತುವಾದರೆ ಅದನ್ನು ಬಿಡಬಹುದು: ಸೌದೆ ಒಡೆದ, ನೀರು ತಂದ. ಮನುಷ್ಯರಿಗೆ ಬಿಡೋ ಹಾಗಿಲ್ಲ. 'ಹುಡುಗ ಹೊಡೆದ' ಅಂದರೆ ಅರ್ಥವೇ ತಿರುವುಮುರುವು. ಅಂದರೆ ಮನುಷ್ಯ ಬೇರೆ, ಸೌದೆ ಬೇರೆ ಅಂತ ಭಾಷೆಗೆ ಗೊತ್ತು. ಆದರೆ ಜಗುಲಿಯ ಮೇಲಿನ ಮಾತು ಕೇಳಿ: 'ನಾಳೆ ನಾಕು ಆಳು ಕಳಿಸು.' 'ಆ ಮನೆಗೆ ಹೆಣ್ಣು ಕೊಟ್ಟರು.' ಎಲ್ಲಿ ಹೋಯಿತು 'ಅನ್ನು'? ಇಂಥವರೇ ಅಂತ ಗುರುತಿಲ್ಲದಾಗ ಪ್ರತ್ಯಯ ಬಿದ್ದುಹೋಗುತ್ತೆ ಅಂತಾರೆ ಬಲ್ಲವರು. ಸರಿಯೇ. ನಾವು ಹೇಳೋದೂ ಅದನ್ನೇ. ಯಾರಿಗೂ ಹೆಸರು ಬೇಡವಾದ ಮನುಷ್ಯ ಸೌದೆಯ ಸಾಲಿಗೆ ಸೇರುತ್ತಾನೆ.

ಇಂಗ್ಲಿಷಿಗೆ ಇನ್ನೊಂದು ಚಾಳಿ ಇದೆ. ಪ್ಯಾಸಿವ್ ವಾಯ್ಸ್. 'ದಿ ಬಾಯ್ ಈಸ್ ಬೀಟನ್.' ಕರ್ಮವನ್ನು ಎತ್ತಿ ಕರ್ತೃವಿನ ಕುರ್ಚಿಯಲ್ಲಿ ಕೂರಿಸುತ್ತೆ. ಕುರ್ಚಿ ಸಿಕ್ಕಿತು, ಏಟು ತಪ್ಪಲಿಲ್ಲ. ಎಷ್ಟೋ ಮೀಸಲು ಕುರ್ಚಿಗಳ ಕತೆಯೂ ಇಷ್ಟೇ ಅಲ್ಲವೇ? ಹೊಡೆದವನು ಮಾತ್ರ ಹಿತ್ತಲ ಬಾಗಿಲಿಂದ ಜಾರಿಕೊಂಡ. 'ಬೈ' ಅಂತ ಸೇರಿಸಿ ಅವನ ಹೆಸರು ಬರೆಯಬಹುದು. ಬರೆಯದಿದ್ದರೂ ವಾಕ್ಯ ಪೂರ್ಣ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಯಾರನ್ನು ಅಂದರೆ ಉತ್ತರ ಇದೆ. ಯಾರು ಅಂದರೆ? 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಖುಲಾಸೆ ಮಾಡಿತು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಕರ್ಮಗಳು, ಕರ್ತೃ ಇಲ್ಲ.

ಹಾಗಾದರೆ ಬಿಡುಗಡೆ ಅಂದರೆ ಏನು? ಜಾಗ ಅದಲುಬದಲು ಮಾಡೋದಾ? 'ದಿ ಬಾಯ್ ಬೀಟ್ಸ್ ದಿ ಮಾಸ್ಟರ್.' ಹೊಟ್ಟೆ ಉರಿದಾಗ ಈ ವಾಕ್ಯ ನಮಗೂ ಸಿಹಿ, ಸುಳ್ಳು ಯಾಕೆ? ಆದರೆ ಕ್ರಿಯಾಪದ ಅದೇ, ಕೋಲು ಅದೇ. ಆ ಕ್ರಿಯಾಪದದ ಹಸಿವಿಗೆ ಯಾರಾದರೂ ಬೇಕೇ ಬೇಕು. ಇವತ್ತು ಮಾಸ್ಟರ್ ಆದರೆ ನಾಳೆ ನಮ್ಮದೇ ಮನೆಯ ಹೆಂಗಸು ಅಲ್ಲಿ ಬಂದು ನಿಲ್ಲಬೇಕಾಗುತ್ತೆ. ಜಾಗ ಬದಲಾಯಿಸಿದರೆ ಸಾಲದು, ಕ್ರಿಯಾಪದವನ್ನೇ ಬದಲಾಯಿಸಬೇಕು.

ಬದಲಾಯಿಸಿ ತೋರಿಸಿದವರಿದ್ದಾರೆ. 1927ರ ಮಾರ್ಚ್ 20, ಮಹಾಡದ ಚವದಾರ್ ಕೆರೆ. ಅಲ್ಲೀತನಕ ಇದ್ದ ವಾಕ್ಯ, 'ದೇ ಡು ನಾಟ್ ಟಚ್ ಅಸ್.' ಮುಟ್ಟದೆ ಇರೋದಕ್ಕೂ ಕರ್ಮ ಬೇಕು ನೋಡಿ, ಅದೂ ನಾವೇ. ಬಾಬಾಸಾಹೇಬರು ಕೆರೆಗಿಳಿದು ಬೊಗಸೆ ನೀರು ಕುಡಿದರು. ಹಿಂದೆ ಬಂದ ಜನವೂ ಕುಡಿಯಿತು. 'ವಿ ಡ್ರ್ಯಾಂಕ್ ವಾಟರ್.' ಏನನ್ನು? ನೀರನ್ನು. ಕರ್ತೃ ನಾವು, ಕರ್ಮ ನೀರು. ಯಾವ ಮನುಷ್ಯನನ್ನೂ ಆ ಜಾಗದಲ್ಲಿ ನಿಲ್ಲಿಸಲಿಲ್ಲ. ಅವತ್ತೇ ಅವರ ಮೇಲೆ ದೊಣ್ಣೆ ಬಿದ್ದವು. ಅದು ಹಳೆಯ ವಾಕ್ಯ. ನೀರಿನದು ಹೊಸದು.

ಇಪ್ಪತ್ತೆರಡು ವರ್ಷದ ಮೇಲೆ, 1949ರ ನವೆಂಬರ್ 26ರಂದು, ಅದೇ ಹೊಸ ವ್ಯಾಕರಣ ಸಂವಿಧಾನದ ಪೀಠಿಕೆಗೆ ಬಂತು. ಕರ್ತೃ ಯಾರು? ನಾವು, ಭಾರತದ ಜನ. ಏನನ್ನು ಕೊಡುತ್ತೇವೆ? ಈ ಸಂವಿಧಾನವನ್ನು. ಯಾರಿಗೆ? ನಮಗೇ. ಆದರೆ ಅದೇ ಹೊತ್ತಗೆಯ 17ನೇ ವಿಧಿ ಇಂಗ್ಲಿಷಿನಲ್ಲಿ ಪ್ಯಾಸಿವ್ ವಾಯ್ಸ್‌ನಲ್ಲಿದೆ. ಅಸ್ಪೃಶ್ಯತೆ ರದ್ದುಮಾಡಲ್ಪಟ್ಟಿದೆ. ಯಾರಿಂದ? ಆ ಜಾಗ ಖಾಲಿ. ಅಲ್ಲಿ ನಮ್ಮೊಬ್ಬರ ಹೆಸರು ಬರೆದರೆ ಸಾಲದು, ಮುಟ್ಟಿಸಿಕೊಳ್ಳದವರು ರದ್ದುಮಾಡುವಂಥದ್ದಲ್ಲ ಅದು. ಮುಟ್ಟದವರೂ ಬಂದು ಬರೆಯಬೇಕು. ಓದುವ ಬಂಧುವೇ, ಆ 'ಬೈ' ಆದ ಮೇಲೆ ನಿಮ್ಮ ಹೆಸರು ಬರೀತೀರಾ?