ಬಾಗಿಲ ಮೇಲಿನ ಭೂತ



1990ರ ದಶಕದಲ್ಲಿ ಬೆಂಗಳೂರಿನ ಕಡೆ ಒಂದು ಪುಕಾರು ಹಬ್ಬಿತ್ತು. ರಾತ್ರಿ ದೆವ್ವವೊಂದು ಮನೆಯವರ ದನಿಯಲ್ಲೇ ಕೂಗಿ ಬಾಗಿಲು ತಟ್ಟುತ್ತದೆ, ತೆರೆದವರು ಸಾಯುತ್ತಾರೆ ಎಂದು. ಜನ ಬಾಗಿಲು, ಗೋಡೆಗಳ ಮೇಲೆ "ನಾಳೆ ಬಾ" ಎಂದು ಬರೆದರು. ದೆವ್ವ ಅದನ್ನೋದಿ ಹಿಂದಿರುಗಬೇಕು, ಮರುದಿನ ಬಂದು ಮತ್ತೆ ಓದಬೇಕು. ಕನ್ನಡ ಬಲ್ಲ ದೆವ್ವ!

ನಮ್ಮ ಸೇಲಂ, ಧರ್ಮಪುರಿ ಕಡೆ ಹೊಸ ಮನೆ, ಅಂಗಡಿಗಳಿಗೆ ನಾಲಗೆ ಚಾಚಿದ ರಾಕ್ಷಸನ ಮುಖದ ದೃಷ್ಟಿಬೊಂಬೆ ಕಟ್ಟುತ್ತಾರೆ. ಎದೆಯ ಮೇಲೆ ಇಷ್ಟಲಿಂಗವಿರುವವರಿಗೆ ಬಾಗಿಲಲ್ಲಿ ರಾಕ್ಷಸನ ಕಾವಲೇಕೆ ಎಂಬುದು ಹಳೆಯ ಪ್ರಶ್ನೆ. ನನ್ನನ್ನು ಕಾಡುವುದು ಆ "ನಾಳೆ ಬಾ" ಎಂಬ ಮಾತು.

ದೆವ್ವಕ್ಕೆ ಹೇಳಿದ ಸುಳ್ಳಿನಿಂದ ಯಾರಿಗೂ ನಷ್ಟವಿಲ್ಲ ಎನ್ನೋಣ. ಅದೇ ಮಾತನ್ನು ಸಂಜೆ ಕೂಲಿಗೆ ಬಂದು ನಿಂತವರಿಗೂ ಹೇಳುತ್ತೇವಲ್ಲ! ತಮಿಳರಾದರೆ "ನಾಳೈಕ್ಕು ವಾ". ಅವರೂ ಹೋಗಿ ಮರುದಿನ ಬರುತ್ತಾರೆ. ಕಾಯಕ ಮಾಡಿದವರ ಕೂಲಿ ತಡೆದು ದಾಸೋಹಕ್ಕೆ ಬರೆಸಿದ ಹಣ ಯಾರದು?

ಪರರನ್ನೇಕೆ ಅನ್ನಲಿ? ಮಠದ ಗೋಡೆಗೆ ಸುಣ್ಣ ಹೊಡೆದವನಿಗೆ ನಾನೇ ಎರಡು ಸಲ ಹಾಗೆಂದೆ. ಮೂರನೆಯ ದಿನ ಆತ ಕೂಗಲಿಲ್ಲ, ಬಾಗಿಲು ತಟ್ಟಲಿಲ್ಲ. ಜಗಲಿಯ ಮೇಲೆ ಸುಮ್ಮನೆ ಕುಳಿತಿದ್ದ. ಹಣ ಎಣಿಸಿ ಕೊಡುವಾಗ ಅವನ ಮುಖ ನೋಡಲು ನನಗೆ ಭಯವಾಯಿತು.