ಬೆಳೆಯುವುದು, ಬೆಳೆಸುವುದು

ಇಂಗ್ಲಿಷ್ ವ್ಯಾಕರಣದ ಪುಸ್ತಕಗಳಲ್ಲಿ ಸಮಾನಾರ್ಥಕ ಪದಗಳ ಪಟ್ಟಿಯೊಂದು ಇದ್ದೇ ಇರುತ್ತದೆ. ದೊಡ್ಡದಾಗುವುದನ್ನು ಹೇಳುವ ಕ್ರಿಯಾಪದಗಳಿಗಂತೂ ಅಲ್ಲಿ ಬರವಿಲ್ಲ. ಗ್ರೋ, ಇನ್‌ಕ್ರೀಸ್, ಎನ್‌ಲಾರ್ಜ್, ಎಕ್ಸ್‌ಪ್ಯಾಂಡ್, ಸ್ವೆಲ್, ಇನ್‌ಫ್ಲೇಟ್, ಡೆವಲಪ್ ಎಂದು ಮಕ್ಕಳು ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ಪರೀಕ್ಷೆಯ ಒಂದು ಅಂಕದ ಪ್ರಶ್ನೆಗೆ ಇವೆಲ್ಲ ಒಂದೇ. ಬದುಕಿನಲ್ಲಿ ಮಾತ್ರ ಒಂದೇ ಅಲ್ಲ. ಮಗು ಬೆಳೆಯುತ್ತದೆ, ಕಾಲು ಊದುತ್ತದೆ, ಪೂರಿ ಉಬ್ಬುತ್ತದೆ, ಸಾಲ ಹೆಚ್ಚುತ್ತದೆ. ನಾಲ್ಕೂ ದೊಡ್ಡದಾಗುವುದೇ. ಆದರೆ ಮಗು ಊದಿತು ಎಂದರೆ ಯಾವ ತಾಯಿಯಾದರೂ ಡಾಕ್ಟರ ಬಳಿಗೆ ಓಡುತ್ತಾಳೆ.

ಇಂಥ ಪದಗಳನ್ನೆಲ್ಲ ಗುಂಪುಗುಂಪಾಗಿ ಜೋಡಿಸಿಟ್ಟವರು ಪೀಟರ್ ಮಾರ್ಕ್ ರೋಜೇ ಎಂಬ ಇಂಗ್ಲೆಂಡಿನ ವೈದ್ಯರು. ಅವರ ಥಿಸಾರಸ್ ಅಚ್ಚಾದದ್ದು 1852ರಲ್ಲಿ. ಮನುಷ್ಯನ ಆಲೋಚನೆಗಳನ್ನೆಲ್ಲ ಸುಮಾರು ಒಂದು ಸಾವಿರ ತಲೆಬರಹಗಳ ಕೆಳಗೆ ವಿಂಗಡಿಸಿದ ಪುಸ್ತಕವದು. ಅವರು ಕೂಡ ಹೆಚ್ಚುವುದನ್ನು ಪರಿಮಾಣದ ವಿಭಾಗದಲ್ಲೂ ಹಿಗ್ಗುವುದನ್ನು ಸ್ಥಳದ ವಿಭಾಗದಲ್ಲೂ ಬೇರೆಬೇರೆಯಾಗಿಯೇ ಇಟ್ಟರು. ನಾವು ಒಂದೇ ಸಾಲಿನಲ್ಲಿ ತುರುಕುವುದನ್ನು ಅವರು ಎರಡು ಕೋಣೆಗಳಲ್ಲಿ ಕೂರಿಸಿದ್ದರು.

ಈ ಪದಗಳ ಹುಟ್ಟನ್ನು ನೋಡಿದರೆ ವ್ಯತ್ಯಾಸ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಗ್ರೋ ಎಂಬುದು ಇಂಗ್ಲಿಷಿನ ಮನೆಮಾತು. ಹಸಿರೆನ್ನುವ ಗ್ರೀನ್, ಹುಲ್ಲೆನ್ನುವ ಗ್ರಾಸ್ ಅದರ ಒಡಹುಟ್ಟುಗಳು. ಅದರಲ್ಲಿ ಚಿಗುರಿನ ವಾಸನೆಯಿದೆ. ಇನ್‌ಫ್ಲೇಟ್ ಲ್ಯಾಟಿನ್ನಿನಿಂದ ಬಂದದ್ದು, ಅದರ ಮೂಲದಲ್ಲಿರುವುದು ಊದುವ ಕೆಲಸ. ಬಲೂನಿಗೆ ಗಾಳಿ ತುಂಬುವವರು ಬೇರೆಯವರು, ಒಳಗಿರುವುದೂ ಬರಿಯ ಗಾಳಿ. ಎನ್‌ಲಾರ್ಜ್ ಪದದೊಳಗಿನ ಲಾರ್ಜ್‌ಗೆ ಹಳೆಯ ಫ್ರೆಂಚಿನಲ್ಲಿ ವಿಶಾಲ, ಉದಾರಿ ಎಂಬ ಅರ್ಥಗಳಿದ್ದವು. ಈಗ ಆ ಉದಾರತೆ ಮಾಯವಾಗಿ ಫೋಟೋ ಸ್ಟುಡಿಯೋದ ಎನ್‌ಲಾರ್ಜ್‌ಮೆಂಟ್ ಮಾತ್ರ ನಮಗೆ ಉಳಿದಿದೆ. ಡೆವಲಪ್ ಎಂದರೆ ಮೊದಲಿಗೆ ಸುತ್ತಿಟ್ಟದ್ದನ್ನು ಬಿಚ್ಚುವುದು. ಹೊರಗಿನಿಂದ ಏನನ್ನೂ ಸೇರಿಸುವುದಲ್ಲ, ಒಳಗೆ ಮಡಿಸಿಟ್ಟದ್ದು ಹೊರಗೆ ಬರುವಂತೆ ಮಾಡುವುದು.

ಹಾಗಾಗಿ ಇಂಥ ಯಾವ ಪದ ಎದುರಾದರೂ ಕೇಳಬೇಕಾದ ಪ್ರಶ್ನೆ ಒಂದೇ: ಈ ಕೆಲಸ ಯಾರದು? ದೊಡ್ಡದಾಗುವವರದೋ, ದೊಡ್ಡದು ಮಾಡುವವರದೋ?

ಗ್ರೋ ಎಂಬುದು ಬಹುಮಟ್ಟಿಗೆ ಅಕರ್ಮಕ ಕ್ರಿಯಾಪದ. ಗಿಡ ಬೆಳೆಯುತ್ತದೆ, ಮಗು ಬೆಳೆಯುತ್ತದೆ. ಗೋಧಿಯನ್ನೋ ಗಡ್ಡವನ್ನೋ ‘ಗ್ರೋ’ ಮಾಡಬಹುದು, ಮಕ್ಕಳನ್ನು ಮಾಡುವ ಹಾಗಿಲ್ಲ. 1992ರ ಅಮೆರಿಕದ ಚುನಾವಣೆಯಲ್ಲಿ ಬಿಲ್ ಕ್ಲಿಂಟನ್ ದೇಶದ ಆರ್ಥಿಕತೆಯನ್ನು ‘ಗ್ರೋ’ ಮಾಡುವ ಮಾತಾಡಿದಾಗ ಭಾಷೆಯ ಶುದ್ಧಿಯನ್ನು ಕಾಯುವವರು ಮುಖ ಸಿಂಡರಿಸಿದರು. ಈಗ ವ್ಯಾಪಾರದವರೆಲ್ಲ ಹಾಗೆಯೇ ಹೇಳುತ್ತಾರೆ. ಮಕ್ಕಳಿಗೆ ಮಾತ್ರ ಇಂಗ್ಲಿಷಿನಲ್ಲಿ ಇಂದಿಗೂ ಬೇರೆ ಪದವೇ ಬೇಕು. ರೇಸ್ ಎನ್ನಬೇಕು, ಬ್ರಿಂಗ್ ಅಪ್ ಎನ್ನಬೇಕು. ರೈಸ್ ಎಂದರೆ ಏಳುವುದು, ರೇಸ್ ಎಂದರೆ ಏಳಿಸುವುದು.

ನಮ್ಮ ಕನ್ನಡವೂ ಈ ವಿಷಯದಲ್ಲಿ ಬಹಳ ಸೂಕ್ಷ್ಮ. ರೈತ ಭತ್ತ ಬೆಳೆದ ಎನ್ನುತ್ತೇವೆ. ಮಗನನ್ನು ಬೆಳೆದೆ ಎನ್ನುವುದಿಲ್ಲ, ಬೆಳೆಸಿದೆ ಎನ್ನುತ್ತೇವೆ. ಆ ‘ಸು’ ಎಂಬ ಒಂದಕ್ಷರದಲ್ಲಿ ದೊಡ್ಡ ನೀತಿಯೇ ಅಡಗಿದೆ. ಓದಿಸುವವಳು ನಾನು, ಓದುವವಳು ಹುಡುಗಿ. ಉಣ್ಣಿಸುವವಳು ತಾಯಿ, ಉಣ್ಣುವುದು ಮಗು. ನಾನು ಎಷ್ಟೇ ಓದಿಸಿದರೂ ಅವಳ ಓದನ್ನು ನಾನು ಓದಲಾರೆ. ಹಾಗೆಯೇ ಬೆಳೆಸಿದವರು ನಾವಾದರೂ ಬೆಳೆದದ್ದು ಅವರು.

ಈ ಮಾತು ತಾಯಂದಿರಿಗೆ ನೋವು ತರಬಹುದು. ರಾತ್ರಿಯೆಲ್ಲ ಜ್ವರದ ಹಣೆಗೆ ಒದ್ದೆ ಬಟ್ಟೆ ಹಾಕಿ, ತನ್ನ ಸೀರೆಯ ದುಡ್ಡನ್ನು ಟ್ಯೂಷನ್ ಫೀಸಿಗೆ ಕೊಟ್ಟವಳಿಗೆ ‘ಬೆಳೆದದ್ದು ಅವನೇ’ ಎಂದರೆ ಹೇಗಾಗಬೇಡ? ಅವಳ ದುಡಿಮೆ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದಿಲ್ಲದೆ ಎಷ್ಟೋ ಮಕ್ಕಳು ಮೇಲೇಳುತ್ತಲೇ ಇರಲಿಲ್ಲ. ಆದರೆ ಆ ದುಡಿಮೆ ಸಾಲಪತ್ರವಾಗಬಾರದು. ‘ನಿನ್ನನ್ನು ಬೆಳೆಸಿದವಳು ನಾನು’ ಎಂಬ ಮಾತನ್ನು ಮಗನ ಮದುವೆಯ ವೇಳೆಯಲ್ಲೋ ಮಗಳ ನೌಕರಿಯ ವೇಳೆಯಲ್ಲೋ ವಸೂಲಿಗೆ ತೆಗೆದರೆ, ನಾವು ಬೆಳೆಸಿದವರಾಗಿ ಉಳಿಯುವುದಿಲ್ಲ, ಭತ್ತ ಬೆಳೆದವರಾಗುತ್ತೇವೆ. ಬೆಳೆದ ಭತ್ತವನ್ನು ಕೊಯ್ದುಕೊಳ್ಳುವ ಹಕ್ಕು ರೈತನಿಗಿದೆ. ಮಕ್ಕಳ ಮೇಲೆ ನಮಗೆ ಅಂಥ ಹಕ್ಕಿಲ್ಲ.

ನಾವು ಶಿಕ್ಷಕರೂ ಇದಕ್ಕೆ ಹೊರತಲ್ಲ. ಎಸ್.ಎಸ್.ಎಲ್.ಸಿ.ಯಲ್ಲಿ ತುಂಬ ಹೆಚ್ಚು ಅಂಕ ಬಂದರೆ ಶಾಲೆಯ ಮುಂದೆ ಫ್ಲೆಕ್ಸ್ ಕಟ್ಟುತ್ತೇವೆ. ಅಂಕ ಹೆಚ್ಚಿದ್ದು ನಿಜ. ಅದರೊಡನೆ ಹುಡುಗನೂ ಬೆಳೆದನೇ ಎಂದು ಕೇಳುವವರು ಕಡಿಮೆ. ಸೋತ ಗೆಳೆಯನ ಪಕ್ಕದಲ್ಲಿ ಕುಳಿತುಕೊಳ್ಳಬಲ್ಲನೇ, ತಿಳಿಯದ್ದನ್ನು ತಿಳಿಯದೆಂದು ಹೇಳಬಲ್ಲನೇ ಎಂಬುದಕ್ಕೆ ಫ್ಲೆಕ್ಸಿನಲ್ಲಿ ಜಾಗವಿಲ್ಲ.

ಇನ್ನು ಹೆಣ್ಣುಮಕ್ಕಳಿಗೆಂದೇ ಮೀಸಲಾದ ಮಾತೊಂದಿದೆ, ‘ದೊಡ್ಡವಳಾದಳು’ ಎಂದು. ಎಷ್ಟು ಹಿತವಾದ ಮಾತು! ಆರತಿ ಎತ್ತುತ್ತೇವೆ, ಹೊಸ ಬಟ್ಟೆ ಕೊಡುತ್ತೇವೆ. ಆದರೆ ಎಷ್ಟೋ ಮನೆಗಳಲ್ಲಿ ಅವಳು ದೊಡ್ಡವಳಾದ ಮರುದಿನದಿಂದ ಅವಳ ಜಗತ್ತು ಚಿಕ್ಕದಾಗುತ್ತದೆ. ಅಂಗಳ ಹೋಗಿ ಪಡಸಾಲೆ, ಪಡಸಾಲೆ ಹೋಗಿ ಅಡುಗೆಮನೆ. ಬಿಚ್ಚಿಕೊಳ್ಳಬೇಕಾದ ವಯಸ್ಸಿನಲ್ಲಿ ಸುತ್ತಿಡುತ್ತೇವೆ. ಇದಕ್ಕೆ ಯಾವ ಥಿಸಾರಸ್ಸಿನಲ್ಲಿ ಪದವಿದೆಯೋ!

ನಮ್ಮ ಶಾಲೆಯ ಖೋಖೋ ತಂಡದಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳಿದ್ದಳು. ಒಂದು ವಾರ ಬರಲಿಲ್ಲ. ಬಂದ ಮೇಲೆ ಮೈದಾನಕ್ಕೆ ಇಳಿಯಲಿಲ್ಲ. ತಾಯಿಯನ್ನು ಕರೆಸಿ ಕೇಳಿದೆ. “ಈಗ ದೊಡ್ಡವಳಾಗಿದ್ದಾಳೆ ಮೇಡಂ, ಇನ್ನು ಆಟಗೀಟ ಬೇಡ” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಟ ಮುಗಿಸಿ ಬಸ್ಸಿಳಿಯುವಾಗ ಕತ್ತಲಾಗಿರುತ್ತೆ. ಅಲ್ಲಿಂದ ಮನೆಗೆ ನಡೆದೇ ಬರಬೇಕು. ನಾನು ಏನು ಮಾಡಲಿ ಹೇಳಿ” ಎಂದರು. ಅವರ ಭಯ ಸುಳ್ಳಾಗಿರಲಿಲ್ಲ. ಆ ತಾಯಿಗೆ ಸ್ತ್ರೀ ಸ್ವಾತಂತ್ರ್ಯದ ಭಾಷಣ ಮಾಡಿ ಪ್ರಯೋಜನವಿರಲಿಲ್ಲ. ದೈಹಿಕ ಶಿಕ್ಷಕರೊಡನೆ ಮಾತಾಡಿ ಅಭ್ಯಾಸವನ್ನು ಬೆಳಗಿನ ಹೊತ್ತಿಗೆ ಬದಲಿಸಿಕೊಂಡೆವು. ಹುಡುಗಿ ಆ ವರ್ಷವೂ ಆಡಿದಳು, ಮುಂದಿನ ವರ್ಷವೂ ಆಡಿದಳು. ನಾವು ಮಾಡಿದ್ದು ಗಡಿಯಾರದ ಮುಳ್ಳನ್ನು ಸರಿಸಿದ್ದಷ್ಟೇ. ಓಡಿದವಳು ಅವಳು.

ಇಂಗ್ಲಿಷಿನಲ್ಲಿ ಹುಡುಕಿದರೂ ಸಿಗದ ಪದವೊಂದು ನಮ್ಮಲ್ಲಿದೆ: ಸಾಕು. ಮಗುವನ್ನು ಸಾಕು ಎಂದರೆ ಪೋಷಿಸು. ಬಡಿಸುವವರ ಮುಂದೆ ಕೈ ಅಡ್ಡ ಹಿಡಿದು ಸಾಕು ಎಂದರೆ ಇನ್ನು ಬೇಡ. ಸಾಕುವವಳಿಗೆ ಎರಡನೆಯ ಅರ್ಥವೂ ತಿಳಿದಿರಬೇಕು. ಎಲ್ಲಿಯವರೆಗೆ ಕೈ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಯಾವ ಬಿ.ಎಡ್. ಪಾಠವೂ ಕಲಿಸುವುದಿಲ್ಲ. ದಿನವೂ ಮಕ್ಕಳ ಮುಖ ನೋಡಿಯೇ ಕಲಿಯಬೇಕು. ನಿಮ್ಮ ಮನೆಯಲ್ಲೂ ಈಚೆಗೆ ‘ದೊಡ್ಡವಳಾದ’ ಹುಡುಗಿಯೊಬ್ಬಳು ಇರಬಹುದು. ಅವಳಿಗಾಗಿ ಮನೆಯಲ್ಲಿ ಏನು ದೊಡ್ಡದಾಯಿತು, ಏನು ಚಿಕ್ಕದಾಯಿತು ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ.