ಹಿಡಿದದ್ದು ಯಾವಾಗ ಹಿಡಿದಂತೆ?

2010ರ ಸೆಪ್ಟೆಂಬರ್ 12ರಂದು ಶಿಕಾಗೋದ ಸೋಲ್ಜರ್ ಫೀಲ್ಡ್‌ನಲ್ಲಿ ಅಮೆರಿಕನ್ ಫುಟ್‌ಬಾಲ್ ಪಂದ್ಯವೊಂದು ಕೊನೆಯ ಅರ್ಧ ನಿಮಿಷಕ್ಕೆ ಬಂದಿತ್ತು. ಆತಿಥೇಯ ಬೇರ್ಸ್ ತಂಡ 19-14ರಿಂದ ಮುಂದಿತ್ತು. ಡೆಟ್ರಾಯಿಟ್ ಲಯನ್ಸ್‌ನ ಕ್ಯಾಲ್ವಿನ್ ಜಾನ್ಸನ್ ಎಂಡ್ ಝೋನ್‌ನಲ್ಲಿ ಎದುರಾಳಿಗಿಂತ ಎತ್ತರಕ್ಕೆ ನೆಗೆದು ಚೆಂಡನ್ನು ಹಿಡಿದರು. ಎರಡೂ ಪಾದಗಳು ನೆಲ ಮುಟ್ಟಿದವು, ಮೈ ನೆಲಕ್ಕೆ ಬಿತ್ತು, ಚೆಂಡು ಮಾತ್ರ ಕೈಯಲ್ಲೇ ಇತ್ತು. ಅದೇ ಭರದಲ್ಲಿ ಏಳುತ್ತಾ ಆ ಕೈಯನ್ನು ನೆಲಕ್ಕೆ ಊರಿದಾಗ ಚೆಂಡು ಬಿಟ್ಟುಹೋಯಿತು. ರೆಫರಿಗಳು ತಮ್ಮತಮ್ಮಲ್ಲಿ ಮಾತಾಡಿಕೊಂಡು ಕ್ಯಾಚ್ ಪೂರ್ಣವಾಗಿಲ್ಲ ಎಂದರು. ವಿಡಿಯೋ ನೋಡಿದ ಮೇಲೂ ತೀರ್ಪು ಬದಲಾಗಲಿಲ್ಲ. ಲಯನ್ಸ್ ಸೋತಿತು.

ನನ್ನನ್ನು ಕಾಡುವುದು ಲಯನ್ಸ್ ತಂಡದ ಸೋಲಲ್ಲ, ಅಲ್ಲಿ ಯಾರೂ ತಪ್ಪು ಮಾಡಿರಲಿಲ್ಲ ಎಂಬುದು. ಚೆಂಡು ಹಿಡಿಯುತ್ತಾ ನೆಲಕ್ಕೆ ಬೀಳುವ ಆಟಗಾರ ಬೀಳುವ ಕ್ರಿಯೆ ಮುಗಿಯುವ ತನಕ ಚೆಂಡಿನ ಮೇಲೆ ಹಿಡಿತ ಉಳಿಸಿಕೊಳ್ಳಬೇಕು ಎಂದು ಆಗಿನ ನಿಯಮ ಹೇಳುತ್ತಿತ್ತು. ರೆಫರಿಗಳು ಅದನ್ನೇ ಪಾಲಿಸಿದರು. ರೆಫರಿ ಕಣ್ಣು ತಪ್ಪಿದ್ದರೆ ಬೈಯಲು ಒಬ್ಬರಾದರೂ ಸಿಗುತ್ತಿದ್ದರು. ನಿಯಮವನ್ನು ಸರಿಯಾಗಿ ಪಾಲಿಸಿದ್ದರಿಂದಲೇ ಅನ್ಯಾಯವಾಯಿತು ಅನ್ನಿಸಿದರೆ ಯಾರನ್ನು ಕೇಳುವುದು?

ನಮ್ಮ ನ್ಯಾಯಶಾಸ್ತ್ರದವರು ಲಕ್ಷಣ ಹೇಳುವುದರ ದೋಷಗಳನ್ನು ಬಹಳ ಹಿಂದೆಯೇ ಗುರುತಿಸಿದ್ದರು. ಕೊಂಬಿರುವುದೇ ಹಸು ಎಂದರೆ ಎಮ್ಮೆಯೂ ಒಳಗೆ ಬರುತ್ತದೆ, ಅದು ಅತಿವ್ಯಾಪ್ತಿ. ಕಪಿಲ ಬಣ್ಣದ್ದೇ ಹಸು ಎಂದರೆ ಬಿಳಿ ಹಸು ಹೊರಗೆ ಉಳಿಯುತ್ತದೆ, ಅದು ಅವ್ಯಾಪ್ತಿ. ಜಾನ್ಸನ್ ಹಿಡಿದದ್ದು ಬಿಳಿ ಹಸು. ಅದು ಹಸುವೆಂದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು, ಆದರೆ ಲಕ್ಷಣದೊಳಗೆ ಬರಲಿಲ್ಲ. 2015ರ ಜನವರಿಯಲ್ಲಿ ಗ್ರೀನ್ ಬೇಯಲ್ಲಿ ಡಲ್ಲಾಸ್‌ನ ಡೆಜ್ ಬ್ರಯಂಟ್, 2017ರ ಡಿಸೆಂಬರ್‌ನಲ್ಲಿ ಪಿಟ್ಸ್‌ಬರ್ಗ್‌ನ ಜೆಸ್ಸಿ ಜೇಮ್ಸ್ ಹಿಡಿದ ಚೆಂಡುಗಳಿಗೂ ಇದೇ ಗತಿಯಾಯಿತು. ಮೈದಾನದಲ್ಲಿ ಕ್ಯಾಚ್ ಎನಿಸಿಕೊಂಡದ್ದು ವಿಡಿಯೋ ಪರದೆಯಲ್ಲಿ ಕ್ಯಾಚ್ ಅಲ್ಲವಾಯಿತು. ಎರಡೂ ಸಲ ಹಿಡಿದವರ ತಂಡವೇ ಸೋತಿತು.

ವೇಗ ತಗ್ಗಿಸಿ ನೋಡಿದಷ್ಟೂ ಸತ್ಯ ಸ್ಪಷ್ಟವಾಗುತ್ತದೆ ಎಂದು ನಾವು ನಂಬಿದ್ದೇವೆ. ನೆಲ ಮುಟ್ಟಿದ ಪಾದವನ್ನು ನೋಡಲು ಅದು ಸರಿ. ಆದರೆ ‘ಪೂರ್ಣವಾಯಿತು’ ಎಂಬುದು ಯಾವ ಒಂದು ಚೌಕಟ್ಟಿನಲ್ಲೂ ಇರುವುದಿಲ್ಲ. ಅಷ್ಟು ನಿಧಾನವಾಗಿ ನೋಡಿದರೆ ಯಾವ ಕೈಯಲ್ಲಾದರೂ ಚೆಂಡು ಅಲುಗಾಡುತ್ತಲೇ ಇರುತ್ತದೆ. ಕ್ರಿಯೆಯೊಂದರ ಅರ್ಥ ಅದರ ಸಹಜ ವೇಗದಲ್ಲಿದೆ. ವಾಕ್ಯವನ್ನು ಅಕ್ಷರ ಅಕ್ಷರವಾಗಿ ಬಿಡಿಸಿಟ್ಟು ಅರ್ಥ ಎಲ್ಲಿ ಎಂದು ಹುಡುಕಿದಂತೆ ಇದು.

ಕ್ರಿಕೆಟ್ ನೋಡುವ ನಮಗೆ ಈ ಗೊಂದಲ ಹೊಸದಲ್ಲ. 1999ರ ವಿಶ್ವಕಪ್‌ನಲ್ಲಿ ಸ್ಟೀವ್ ವಾ ಹೊಡೆದ ಚೆಂಡು ಹರ್ಷಲ್ ಗಿಬ್ಸ್ ಕೈ ಸೇರಿತ್ತು. ಸಂಭ್ರಮದಿಂದ ಮೇಲೆಸೆಯಲು ಹೋದಾಗ ಅದು ಜಾರಿತು, ವಾ ಉಳಿದರು. ಚೆಂಡಿನ ಮೇಲೆ ಮಾತ್ರವಲ್ಲ, ತನ್ನ ಚಲನೆಯ ಮೇಲೂ ಪೂರ್ಣ ಹಿಡಿತ ಬರಬೇಕು ಎನ್ನುತ್ತದೆ ಕ್ರಿಕೆಟ್ ನಿಯಮ. ಆ ಹಿಡಿತ ಯಾವ ಕ್ಷಣಕ್ಕೆ ಬಂತು ಎಂದು ಹೇಳಬೇಕಾದವರು ಕೊನೆಗೆ ಅಂಪೈರೇ.

2018ರ ಮಾರ್ಚ್‌ನಲ್ಲಿ ಎನ್‌ಎಫ್‌ಎಲ್‌ನ 32 ತಂಡಗಳೂ ಒಪ್ಪಿ ನೆಲಕ್ಕೆ ಬೀಳುವ ಷರತ್ತನ್ನು ಕೈಬಿಟ್ಟವು. ಈಗ ಬೇಕಾದದ್ದು ಚೆಂಡಿನ ಮೇಲೆ ಹಿಡಿತ. ಅಂಕಣದೊಳಗೆ ಎರಡು ಪಾದ ಅಥವಾ ದೇಹದ ಬೇರೊಂದು ಭಾಗ. ಆಮೇಲೆ ಮೂರನೇ ಹೆಜ್ಜೆಯೋ ಗೆರೆಯತ್ತ ಚೆಂಡು ಚಾಚುವುದೋ, ಅಂಥ ಒಂದು ಆಟದ ನಡೆ. ಆ ನಡೆಯನ್ನು ಮಾಡದಿದ್ದರೂ ಮಾಡುವಷ್ಟು ಸಾಮರ್ಥ್ಯ ಇದ್ದಿದ್ದರೆ ಸಾಕು. ಈ ‘ಮಾಡಬಹುದಿತ್ತು’ ಎಂಬುದನ್ನು ಯಾವ ಕ್ಯಾಮೆರಾವೂ ಸೆರೆಹಿಡಿಯಲಾರದು. ವಿವೇಚನೆಯನ್ನು ಹೊರಗಟ್ಟಲು ಹೋದ ನಿಯಮ ಮತ್ತೆ ಅದನ್ನೇ ಕರೆದು ಕೂರಿಸಿತು.

ಇದಕ್ಕೂ ಬೆಲೆಯಿದೆ. ಹಿಡಿಯುವಾಗ ಕೈಜಾರಿದರೆ ತಂಡ ಒಂದು ಪ್ರಯತ್ನವನ್ನಷ್ಟೇ ಕಳೆದುಕೊಳ್ಳುತ್ತದೆ. ಹಿಡಿದಾಯಿತು ಎಂದ ಮೇಲೆ ಜಾರಿದರೆ ಅದು ಫಂಬಲ್, ಚೆಂಡು ಎದುರಾಳಿಯ ಪಾಲಾಗಬಹುದು. ಕ್ಯಾಚ್ ಬೇಗ ಪೂರ್ಣವಾದಷ್ಟೂ ಈ ಅಪಾಯವೂ ಬೇಗ ಶುರುವಾಗುತ್ತದೆ. ಯಾವ ಲಕ್ಷಣವೂ ತಪ್ಪನ್ನು ಇಲ್ಲವಾಗಿಸುವುದಿಲ್ಲ, ತಪ್ಪು ಯಾರ ತಲೆಗೆ ಬರಬೇಕು ಎಂಬುದನ್ನು ಆರಿಸುತ್ತದೆ ಅಷ್ಟೇ.

ಹಾಗಾದರೆ ಅಂದು ರೆಫರಿಗಳು ನಿಯಮವನ್ನು ಬದಿಗಿಡಬೇಕಿತ್ತೇ? ಬೇಡ ಎಂದೇ ನನಗನ್ನಿಸುತ್ತದೆ. ಆಟದ ನಡುವೆ ನಿಯಮ ಬದಲಿಸಿದರೆ ಎದುರು ತಂಡಕ್ಕೆ ಮೋಸವಾಗುತ್ತದೆ. ಆದರೆ ಆಟ ಬಲ್ಲವರ ಕಣ್ಣಿಗೆ ತೀರ್ಪು ಒಪ್ಪಿಗೆಯಾಗದಿದ್ದಾಗ ‘ನಿಮಗೆ ನಿಯಮ ಗೊತ್ತಿಲ್ಲ’ ಎಂದು ಬಾಯಿ ಮುಚ್ಚಿಸುವುದೂ ತಪ್ಪು. ಆ ಅಸಮಾಧಾನ ನಿಯಮದ ವಿರುದ್ಧ ನುಡಿಯುವ ಸಾಕ್ಷಿ. ಪಾಲಿಸುವುದು ರೆಫರಿಯ ಧರ್ಮ, ಆ ಸಾಕ್ಷಿಯನ್ನು ಕೇಳಿಸಿಕೊಳ್ಳುವುದು ನಿಯಮ ಬರೆದವರ ಧರ್ಮ. ಅವರು ಕೇಳಿಸಿಕೊಳ್ಳಲು ಏಳು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಅಷ್ಟರಲ್ಲಿ ಜಾನ್ಸನ್ ಆಟದಿಂದ ನಿವೃತ್ತರಾಗಿ ಎರಡು ವರ್ಷವಾಗಿತ್ತು.